ಒಂದು ಸೆಷನ್‌ಗೆ 1500 ರೂಪಾಯಿ ಕೊಡೋಕಾಗದಿದ್ದರೆ ಕೌನ್ಸೆಲಿಂಗ್‌ಗೆ ಎಲ್ಲಿ ಹೋಗಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಸಂಬಳ 18 ಸಾವಿರ. ಎರಡು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಡಾಕ್ಟರು ಕೌನ್ಸೆಲಿಂಗ್ ತಗೊಳ್ಳಿ ಅಂದಿದ್ದಾರೆ. ವಿಚಾರಿಸಿದರೆ ವಾರಕ್ಕೊಂದು ಸೆಷನ್, ಸೆಷನ್‌ಗೆ 1500. ತಿಂಗಳಿಗೆ ಆರು ಸಾವಿರ ಎಲ್ಲಿಂದ ತರಲಿ, ಕನ್ನಡದಲ್ಲಿ ಮಾತಾಡುವವರು ಕಡಿಮೆ ಖರ್ಚಿನಲ್ಲಿ ಎಲ್ಲಾದರೂ ಸಿಗುತ್ತಾರಾ ಅಂತ ಕೇಳಿದ್ದೀರಿ. ಸಿಗುತ್ತಾರೆ. ನನಗೂ ಸಿಕ್ಕರು. ಆದರೆ ಅಲ್ಲಿಗೆ ಹೋಗಿ ಮುಟ್ಟುವ ಮುಂಚೆ ನಾನು ಸುಮ್ನೆ ಐದು ತಿಂಗಳು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಕೊನೆಯ ಸಾಲಿನಲ್ಲಿ 'ಎಲ್ಲಾ ಸಾಕಾಗಿದೆ' ಅಂತ ಬರೆದಿದ್ದೀರಿ. ಅದು ಬರೀ ಸುಸ್ತಿನ ಮಾತೋ, ಬದುಕೇ ಬೇಡ ಅನ್ನಿಸುವ ಮಾತೋ ನನಗೆ ಇಲ್ಲಿಂದ ತಿಳಿಯುವುದಿಲ್ಲ. ಎರಡನೆಯದಾಗಿದ್ದರೆ ಈ ಉತ್ತರ ಓದಿ ಮುಗಿಸುವವರೆಗೂ ಕಾಯಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ತೀರಾ ಕೈ ಮೀರುತ್ತಿದೆ ಅನ್ನಿಸಿದರೆ ರೂಮಿನಲ್ಲಿ ಒಬ್ಬರೇ ಇರಬೇಡಿ. ಪಕ್ಕದವರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನಿಮ್ಹಾನ್ಸ್‌ನಲ್ಲೂ 24 ಗಂಟೆ ಎಮರ್ಜೆನ್ಸಿ ಇದೆ. ಹೀಗೆಲ್ಲ ಯೋಚನೆ ಬರುತ್ತಿದೆ ಅಂತ ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಕೆಲವರು ಹೆದರುತ್ತಾರೆ. ಹೇಳಿಕೊಂಡರೆ ಕೇಸ್ ಆಗುವುದಿಲ್ಲ. ಯಾರಾದರೂ ಪ್ರಯತ್ನವೇ ಮಾಡಿದ್ದರೂ, 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತುಂಬ ಒತ್ತಡದಲ್ಲಿದ್ದವರು ಅಂತ ನೋಡುತ್ತದೆ, ಅಪರಾಧಿ ಅಂತಲ್ಲ.

ಈಗ ನನ್ನ ಕತೆ. ಅಪ್ಪ ತೀರಿಕೊಂಡ ಮರುವರ್ಷ, 2018ರಲ್ಲಿ, ನನಗೂ ನಿಮ್ಮ ಹಾಗೇ ಆಯಿತು. ಆಗ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಸಂಬಳ 23 ಸಾವಿರ. ಒಬ್ಬ ಥೆರಪಿಸ್ಟ್ ಹತ್ತಿರ ಹೋದೆ. ಒಂದು ಸಲಕ್ಕೆ 1200. ಒಳ್ಳೆಯವರೇ. ಅವರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನಾಲ್ಕನೇ ಸಲ ಅವರು ಅಪ್ಪನ ಬಗ್ಗೆ ಏನೋ ಕೇಳುತ್ತಿದ್ದಾರೆ, ನನ್ನ ಕಣ್ಣು ಗೋಡೆ ಗಡಿಯಾರದ ಮೇಲೆ. ಒಳಗೆ ಬೇರೆಯೇ ಲೆಕ್ಕ ಓಡುತ್ತಿದೆ. ಬಾಡಿಗೆ ಒಂಬತ್ತು ಸಾವಿರ, ಅಮ್ಮನಿಗೆ ಐದು, ಚೀಟಿಗೆ ಎರಡು, ಇದಕ್ಕೆ ಐದು. ಉಳಿದದ್ದರಲ್ಲಿ ಊಟ, ಬಸ್ಸು. ಆವತ್ತು ಎದ್ದು ಬರುವಾಗ 'ಈಗ ಪರವಾಗಿಲ್ಲ, ಹುಷಾರಾಗಿದ್ದೀನಿ' ಅಂದುಬಿಟ್ಟೆ. ಅವರು ಖುಷಿಪಟ್ಟರು. ಕೆಳಗಿಳಿದು ಬಸ್ ಸ್ಟಾಪಿನಲ್ಲಿ ಕೂತೆ. ಮೂರು ಬಸ್ಸು ಬಂದು ಹೋದವು, ಹತ್ತಲಿಲ್ಲ.

ಹುಷಾರಾಗಿರಲಿಲ್ಲ. ದುಡ್ಡಿರಲಿಲ್ಲ, ಅಷ್ಟೇ. ಅದನ್ನು ಹೇಳುವುದಕ್ಕೆ ನಾಚಿಕೆ. ಅಪ್ಪ ಸತ್ತ ಸಂಕಟವನ್ನೆಲ್ಲ ಗುರುತಿಲ್ಲದವರ ಮುಂದೆ ಹೇಳಿಕೊಂಡವಳಿಗೆ 'ಇಷ್ಟು ಕೊಡೋಕಾಗಲ್ಲ' ಅನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಫೀಸು ಇಳಿಸಿ ನೋಡುವ ಥೆರಪಿಸ್ಟ್‌ಗಳು ಎಷ್ಟೋ ಜನ ಇದ್ದಾರೆ. ಆದರೆ ಬೋರ್ಡ್ ಹಾಕಿಕೊಂಡು ಕೂರುವುದಿಲ್ಲ. ನಾವೇ ಕೇಳಬೇಕು. ವಾರಕ್ಕೊಂದು ಆಗದಿದ್ದರೆ ಹದಿನೈದು ದಿನಕ್ಕೊಂದು ಮಾಡೋಣ ಅಂತ ಅವರೇ ದಾರಿ ಹುಡುಕುತ್ತಾರೆ. ದುಡ್ಡಿನ ಚಿಂತೆಯನ್ನು ಮುಚ್ಚಿಟ್ಟುಕೊಂಡು ಕೂತರೆ ಆ ಮುಕ್ಕಾಲು ಗಂಟೆಯೂ ದಂಡ, ಕೊಟ್ಟ ದುಡ್ಡೂ ದಂಡ.

ಇನ್ನು ನಿಮ್ಮ ವಿಷಯ. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಅಲ್ಲಿ ಇಎಸ್‌ಐ ಅಂತ ಒಂದು ಕಡಿತ ಇರಬೇಕು, ಅದು ನೌಕರರಿಗಿರುವ ಸರ್ಕಾರದ ವಿಮೆ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಅದು ಅನ್ವಯಿಸುತ್ತದೆ. ನೌಕರರ ಪಾಲು ಶೇ 0.75, ಅಂದರೆ ನಿಮ್ಮ 18 ಸಾವಿರಕ್ಕೆ 135 ರೂಪಾಯಿ. ಕಂಪನಿ ಮೇಲಿಂದ ಶೇ 3.25 ಕಟ್ಟುತ್ತದೆ. ಜ್ವರ ಬಂದರೆ, ಹೆರಿಗೆಯಾದರೆ ಇಎಸ್‌ಐಗೆ ಹೋಗುತ್ತೇವೆ. ಮನಸ್ಸಿಗೆ ಹುಷಾರಿಲ್ಲದಿದ್ದರೂ ಅಲ್ಲಿಗೇ ಹೋಗಬಹುದು ಅಂತ ನನಗೆ ಗೊತ್ತಿರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊದಲು ನಿಮಗೆ ಗೊತ್ತುಮಾಡಿರುವ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ. ನಿದ್ದೆ, ಊಟ, ಮನಸ್ಸು, ಮೂರನ್ನೂ ಹೇಳಿ, ಮನೋವೈದ್ಯರ ಹತ್ತಿರ ಕಳಿಸಿಕೊಡಿ ಅಂತ ನೀವೇ ಕೇಳಿ. ರೆಫರ್ ಮಾಡಿ ಚೀಟಿ ಕೊಡುತ್ತಾರೆ. ರಾಜಾಜಿನಗರದ ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಪೀಣ್ಯದಿಂದ ದೂರವೂ ಅಲ್ಲ. ನೋಡುವುದಕ್ಕೆ, ಮಾತ್ರೆಗೆ ನೀವು ಬೇರೆ ದುಡ್ಡು ಕೊಡಬೇಕಿಲ್ಲ. ನೀವು ಆಗಲೇ ತಿಂಗಳು ತಿಂಗಳು ಕಟ್ಟಿದ್ದೀರಿ. ಅದು ಯಾರ ಉಪಕಾರವೂ ಅಲ್ಲ. ಕಂಪನಿಗೆ ಗೊತ್ತಾಗುತ್ತದಾ ಅನ್ನುವ ಭಯ ಬೇಡ. ನಾನು ಹೇಳಿದ ಅದೇ ಕಾಯ್ದೆಯಲ್ಲಿ ಕಾಯಿಲೆಯ ವಿವರ ಗುಟ್ಟಾಗಿ ಇಡುವುದು ರೋಗಿಯ ಹಕ್ಕು ಅಂತ ಇದೆ.

ಇಎಸ್‌ಐನಲ್ಲಿ ಮಾತ್ರೆ ಸಿಕ್ಕಿ, ಕೂತು ಮಾತಾಡುವ ಥೆರಪಿಗೆ ಅಷ್ಟು ಸಮಯ ಸಿಗಲಿಲ್ಲ ಅಂದುಕೊಳ್ಳಿ. ಆಗ ನಿಮ್ಹಾನ್ಸ್. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಜೊತೆಯ ಟೀಚರ್ ಒಬ್ಬರು, ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. 'ಅಲ್ಲಿಗೆ ಹೋಗೋದು ಹುಚ್ಚು ಹಿಡಿದೋರು' ಅಂದಿದ್ದೆ. 'ಬಾ, ಸುಮ್ನೆ ಬಂದು ನೋಡು' ಅಂದರು. ಹೊಸೂರು ರಸ್ತೆಯ ಆ ಹೊರರೋಗಿ ವಿಭಾಗದಲ್ಲಿ ಕಾಲೇಜು ಹುಡುಗರಿದ್ದರು, ಐಡಿ ಕಾರ್ಡ್ ಹಾಕಿಕೊಂಡ ಆಫೀಸಿನವರಿದ್ದರು, ಮಗು ಎತ್ತಿಕೊಂಡ ಬಾಣಂತಿ ಇದ್ದಳು. ರಾಯಚೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದ ಅಜ್ಜಿಯೊಬ್ಬರು ನಮಗೂ ರೊಟ್ಟಿ ಚಟ್ನಿಪುಡಿ ಕೊಟ್ಟರು.

ಮೊದಲ ದಿನ ಥೆರಪಿ ಶುರುವಾಗುವುದಿಲ್ಲ, ಅದನ್ನು ತಿಳಿದುಕೊಂಡೇ ಹೋಗಿ. ಮೊದಲು ಹೆಸರು ಬರೆಸಬೇಕು, ಡಾಕ್ಟರ್ ನೋಡುತ್ತಾರೆ, ವಿವರವಾಗಿ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಮಾತ್ರೆ ಬೇಕಾ, ಥೆರಪಿ ಬೇಕಾ, ಎರಡೂ ಬೇಕಾ ಅಂತ ನಿರ್ಧರಿಸಿ ಕ್ಲಿನಿಕಲ್ ಸೈಕಾಲಜಿ ವಿಭಾಗಕ್ಕೋ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ವಿಭಾಗಕ್ಕೋ ಕಳಿಸುತ್ತಾರೆ. ಇಡೀ ದಿನ ಬೇಕಾಗಬಹುದು. ರಜೆ ಹಾಕಿ, ಬೆಳಗ್ಗೆ ಬೇಗ ಹೋಗಿ, ತಿಂಡಿ ಕಟ್ಟಿಕೊಳ್ಳಿ. ಆಧಾರ್ ಜೊತೆಗೆ ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಒಯ್ಯಿರಿ, ರಿಯಾಯಿತಿ ಇದೆ. ಅಲ್ಲಿಗೆ ಹೋಗಲು ಇನ್ನೂ ಹಿಂಜರಿಕೆ ಅನ್ನಿಸಿದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಅದು ಆಸ್ಪತ್ರೆ ಥರ ಇಲ್ಲ, ಕೌನ್ಸೆಲಿಂಗ್‌ಗೆಂದೇ ಮಾಡಿದ್ದು.

ನನಗೆ ಸಿಕ್ಕವರು ಇನ್ನೂ ಕಲಿಯುತ್ತಿದ್ದ ಹುಡುಗಿ, ಎಂ.ಫಿಲ್ ಟ್ರೈನಿ. ಕಲಿಯುವವರು ಅಂದಾಗ ನನಗೆ ಮೊದಲು ಮನಸ್ಸು ಹಿಂದೇಟು ಹಾಕಿತು. ಹಾಗೆ ಅಂದುಕೊಳ್ಳಬೇಡಿ. ಅವರ ಹಿಂದೆ ಹಿರಿಯರು ಇರುತ್ತಾರೆ. ಪ್ರತಿ ರೋಗಿಯ ವಿಷಯವನ್ನೂ ಅವರ ಜೊತೆ ಕೂತು ಚರ್ಚಿಸುತ್ತಾರೆ. ಆ ಹುಡುಗಿ ಹಾಸನದ ಕಡೆಯವಳು. ಏನಾಗುತ್ತಿದೆ ಅಂತ ಕೇಳಿದಳು. 'ಬೇಜಾರು' ಅಂದೆ. 'ಬೇಜಾರು ಅಂದ್ರೆ ಯಾವ ಥರ? ಹೊತ್ತು ಹೋಗದೆ ಇರೋ ಬೇಜಾರಾ, ಅಳು ಬರೋ ಬೇಜಾರಾ, ಇಲ್ಲ ಯಾರ ಮೇಲಾದ್ರೂ ಬೇಜಾರಾ?' ಅಂತ ಮೆಲ್ಲಗೆ ಕೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಬಾಯಿಂದ ಬಂದ ಮಾತು ಕೇಳಿ ನನಗೇ ಆಶ್ಚರ್ಯ. 'ಅಪ್ಪನ ಮೇಲೆ ಬೇಜಾರು' ಅಂದೆ. ಅಪ್ಪ ಕಾಯಿಲೆಯನ್ನು ಒಂದು ವರ್ಷ ನಮ್ಮಿಂದ ಮುಚ್ಚಿಟ್ಟಿದ್ದರು. ಮೊದಲಿನ ನಾಲ್ಕು ಸೆಷನ್‌ನಲ್ಲಿ ನಾನು ಸ್ಯಾಡ್, ಸ್ಯಾಡ್ ಅಂತ ಹೇಳುತ್ತಲೇ ಇದ್ದೆ. ಆ ಪದದೊಳಗೆ ಇದು ಇರಲೇ ಇಲ್ಲ. ಅದಕ್ಕೇ ಕನ್ನಡದಲ್ಲಿ ಮಾತಾಡುವವರು ಬೇಕು ಅಂತ ನೀವು ಕೇಳಿದ್ದು ತುಂಬ ಸರಿ. ಅದನ್ನು ಬಿಟ್ಟುಕೊಡಬೇಡಿ. ಹದಿನಾಲ್ಕು ಸಲ ಹೋದೆ, ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಹದಿನಾಲ್ಕಕ್ಕೂ ಸೇರಿ ಮೊದಲಿನ ನಾಲ್ಕಕ್ಕೆ ಕೊಟ್ಟಷ್ಟು ಆಗಲಿಲ್ಲ.

ಊರಿಗೆ ವಾಪಸ್ ಹೋಗುವ ಯೋಚನೆಯೂ ಇದೆ ಅಂದಿದ್ದೀರಿ. ಹೋದರೂ ಚಿಕಿತ್ಸೆ ನಿಲ್ಲಬೇಕಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಈ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ತಂದರು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬಂದು ನೋಡುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಒಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಉತ್ತರ ಕರ್ನಾಟಕದವರಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇರುತ್ತದೆ.

ಖಾಸಗಿಗೇ ಹೋಗುವುದಾದರೆ ಅವರು ಏನು ಓದಿದ್ದಾರೆ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಕೌನ್ಸೆಲರ್ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಂಡುಬಿಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರಬೇಕು, ಅದು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಕೊಡುವುದು. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯ ಓದಿದ ಡಾಕ್ಟರು. ಸೈಕಾಲಜಿಸ್ಟ್ ಮಾತ್ರೆ ಬರೆಯುವಂತಿಲ್ಲ. ಸೈಕಾಲಜಿಸ್ಟ್ ಅಂತ ಹೇಳಿಕೊಂಡು ಯಾರಾದರೂ ಮಾತ್ರೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಇಪ್ಪತ್ತು ಸೆಷನ್ ಪ್ಯಾಕೇಜ್, ಮೊದಲೇ ದುಡ್ಡು ಕಟ್ಟಿ ಅನ್ನುವವರ ಹತ್ತಿರವೂ ಹೋಗಬೇಡಿ. ಒಂದೆರಡು ಸಲ ಕೂತು ಮಾತಾಡದೆ ಅವರು ನಿಮಗೆ ಸರಿಹೋಗುತ್ತಾರೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಇನ್ಶೂರೆನ್ಸ್ ಬಗ್ಗೆಯೂ ಕೇಳಿದ್ದೀರಿ. ದೇಹದ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯಲ್ಲಿದೆ. ಆದರೆ ಸಾಮಾನ್ಯವಾಗಿ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ವಾರಕ್ಕೊಮ್ಮೆ ಹೋಗಿ ಬರುವ ಥೆರಪಿಗೆ ಬೇಕೆಂದರೆ ಪಾಲಿಸಿಯಲ್ಲಿ ಓಪಿಡಿ ಕವರ್ ಇರಬೇಕು. ಸದ್ಯಕ್ಕೆ ಅದನ್ನು ನಂಬಿಕೊಂಡು ಕೂರಬೇಡಿ.

ಓದುವುದಕ್ಕೆ ಏನಾದರೂ ಬೇಕೆಂದರೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಎಷ್ಟೋ ಪುಸ್ತಕ ಬರೆದಿದ್ದಾರೆ. ಸಣ್ಣ ಸಣ್ಣ ಪುಸ್ತಕಗಳು, ಬೆಲೆಯೂ ಕಡಿಮೆ, ಲೈಬ್ರರಿಯಲ್ಲೂ ಸಿಗುತ್ತವೆ. ನನ್ನ ಅಮ್ಮನಿಗೆ ನನ್ನ ಸ್ಥಿತಿ ಅರ್ಥವಾದದ್ದು ನಾನು ಹೇಳಿದ್ದರಿಂದಲ್ಲ, ಅಂಥದೊಂದು ಪುಸ್ತಕ ಓದಿದ ಮೇಲೆ. ಆದರೆ ಪುಸ್ತಕ ಓದಿಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ. ಮಾತ್ರೆ ಕೊಟ್ಟರೆ ತಗೊಳ್ಳಿ. ಸ್ವಲ್ಪ ಚೆನ್ನಾಗಿದೆ ಅನ್ನಿಸಿದ ತಕ್ಷಣ ನೀವೇ ನಿಲ್ಲಿಸಬೇಡಿ. ಹೊರಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬೆಲೆಯಲ್ಲಿ ತುಂಬ ವ್ಯತ್ಯಾಸ ಇರುತ್ತದೆ.

ಇಷ್ಟೆಲ್ಲ ಓದಿ ಎಲ್ಲಿಂದ ಶುರು ಮಾಡಲಿ ಅನ್ನಿಸಿದರೆ, ಇವತ್ತು ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ 14416ಕ್ಕೆ ಫೋನ್ ಮಾಡಿ. ನಾಳೆ ಡಿಸ್ಪೆನ್ಸರಿ ಎಷ್ಟು ಹೊತ್ತಿಗೆ ತೆಗೆಯುತ್ತದೆ ಅಂತ ವಿಚಾರಿಸಿ. ಫೋನಿನಲ್ಲಿ ಏನು ಹೇಳಬೇಕು ಅಂತ ನನಗೂ ಆಗ ಗೊತ್ತಾಗುತ್ತಿರಲಿಲ್ಲ. ಹೀಗೆ ಹೇಳಿ: 'ಎರಡು ತಿಂಗಳಿಂದ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಸಂಬಳ 18 ಸಾವಿರ, ಜಾಸ್ತಿ ಖರ್ಚು ಮಾಡೋಕಾಗಲ್ಲ. ಕನ್ನಡದಲ್ಲಿ ಮಾತಾಡಬೇಕು.' ಇಷ್ಟು ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.