ಮಾತ್ರೆ ಅರ್ಧ ಮಾಡಬೇಡ ಪುಟ್ಟಿ

ಪುಟ್ಟಿ, ಸೆಪ್ಟೆಂಬರ್‌ಗೆ ಓದೋಕೆ ಇಂಗ್ಲೆಂಡಿನ ಲೀಡ್ಸ್‌ಗೆ ಬರ್ತಿದೀಯ, ಥೈರಾಯ್ಡ್ ಮಾತ್ರೆ ಎಷ್ಟು ತರಲಿ, ಅಲ್ಲಿ ಡಾಕ್ಟರ್ ಸಿಗೋದು ಕಷ್ಟವಂತೆ, ಮುಗೀತಾ ಬಂದರೆ ದಿನ ಬಿಟ್ಟು ದಿನ ತಗೊಂಡರೆ ನಡೆಯುತ್ತಾ ಅಂತ ಕೇಳಿದೀಯ. ಜೊತೆಗೆ ಬಾಡಿಗೆ, ಚಳಿ. ನಿನ್ನ ಚಿಕ್ಕಪ್ಪ ನನ್ನ ಕ್ಲಾಸ್‌ಮೇಟು, ಅದಕ್ಕೇ ಸಲುಗೆಯಿಂದ ಬರೀತೀನಿ.

ಬಾಡಿಗೆ ನಿನ್ನ ಸೀನಿಯರ್‌ಗಳನ್ನ ಕೇಳು. ಜಾಕೆಟ್ ಇಲ್ಲೇ ತಗೋ. ಸಾರಿನ ಪುಡಿ ಮರೀಬೇಡ.

ನಾನು 2009ರ ಅಕ್ಟೋಬರ್‌ನಲ್ಲಿ ಬಂದೆ. ಬಿಪಿಗೆ ಅಟೆನೊಲಾಲ್ 50, ಎರಡು ತಿಂಗಳಿಗಾಗುವಷ್ಟು ತಂದಿದ್ದೆ. ಅರಸೀಕೆರೇಲಿ ಖಾಲಿ ಸ್ಟ್ರಿಪ್ ತೋರಿಸಿದರೆ ಮೆಡಿಕಲ್‌ನವರು ಕೊಡ್ತಿದ್ದರಲ್ಲ, ಆ ರೂಢಿ. ಇಲ್ಲಿ ಒಂದು ಔಷಧಿಗೆ 7 ಪೌಂಡ್ ಚಿಲ್ಲರೆ ಅಂದರು. ರೂಪಾಯಿಗೆ ತಿರುಗಿಸಿ ನೋಡಿದೆ, ಐನೂರು ದಾಟಿತು. ಏಪ್ರಿಲ್‌ಗೆ ಊರಿಗೆ ಹೋಗ್ತೀನಲ್ಲ, ಎಳೆಯೋಣ ಅಂದ್ಕೊಂಡೆ. ನವೆಂಬರ್‌ನಲ್ಲಿ ತರಕಾರಿ ಚಾಕು ತಗೊಂಡು ಅರ್ಧ ಮಾಡೋಕೆ ಶುರು. ಎರಡು ಹೋಳು ಯಾವತ್ತೂ ಸಮ ಬರಲಿಲ್ಲ. ಉದುರಿದ ಪುಡೀನೂ ಬೆರಳಿಗೆ ಅಂಟಿಸಿ ನೆಕ್ಕಿದೀನಿ. ಜನವರೀಲಿ ಹಿಮ ಬಿದ್ದಾಗ ದಿನ ಬಿಟ್ಟು ದಿನ. ಆಮೇಲೆ ಖಾಲಿ.

ಮೂರನೇ ರಾತ್ರಿ ಎದೆ ಡವಡವ ಹೊಡ್ಕೊಂಡು ಮಂಚ ಅಲ್ಲಾಡ್ತಿದೆ ಅನ್ನಿಸಿತು. ಎಮರ್ಜೆನ್ಸಿಯ ಡಾಕ್ಟರ್ ಬೈಯಲಿಲ್ಲ. ಈ ಜಾತಿ ಮಾತ್ರೆ ಹೃದಯಕ್ಕೆ ಕಡಿವಾಣ ಹಾಕಿರುತ್ತೆ, ಥಟ್ಟನೆ ಬಿಟ್ಟರೆ ಮೊದಲಿಗಿಂತ ಜೋರಾಗಿ ಓಡಬಹುದು, ನಿಲ್ಲಿಸೋದಾದರೂ ಡಾಕ್ಟರ್ ನೋಡ್ಕೊಂಡು ನಿಧಾನಕ್ಕೆ ಇಳಿಸಬೇಕು ಅಂದರು.

ನನ್ನದು ಸರಿಹೋಯ್ತು. ಆದರೆ ಡಿಸೆಂಬರ್‌ನಲ್ಲೇ ಫೋನಲ್ಲಿ ಅಮ್ಮನ ಹತ್ರ ಜಂಬ ಕೊಚ್ಚಿದ್ದೆ, 'ಅರ್ಧದಲ್ಲೇ ನಡೀತಿದೆ ಅಮ್ಮ, ಏನೂ ಆಗಿಲ್ಲ' ಅಂತ. ಅಮ್ಮನಿಗೂ ಬಿಪಿ. ಇಂಗ್ಲೆಂಡಲ್ಲಿರೋ ಮಗ ಹೇಳಿದಾನೆ ಅಂದರೆ ಮುಗೀತು. ಏಪ್ರಿಲ್‌ನಲ್ಲಿ ನಾನು ಹೋಗೋ ಹೊತ್ತಿಗೆ ಅವರ ಎಡಗೈ ಸ್ವಾಧೀನ ತಪ್ಪಿತ್ತು. ಅದರಿಂದಲೇ ಆಯ್ತು ಅಂತ ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ದೇವರ ಗೂಡಿನ ಪಕ್ಕದ ಡಬ್ಬೀಲಿ ಅರ್ಧ ಮಾತ್ರೆಗಳಿದ್ದವು. ಅಡಕತ್ತರೀಲಿ ಕತ್ತರಿಸಿದ್ದು, ನನ್ನವಕ್ಕಿಂತ ನೀಟಾಗಿ.

ನಿನ್ನ ಮಾತ್ರೆ ಇನ್ನೊಂಥರ ಮೋಸ. ಥೈರಾಯ್ಡಿನದು ಮೈಯಲ್ಲಿ ವಾರಗಟ್ಟಲೆ ಉಳಿಯೋದರಿಂದ ಬಿಟ್ಟದ್ದು ತಕ್ಷಣ ಗೊತ್ತಾಗಲ್ಲ. ಮೂರು ತಿಂಗಳಿಗಾಗುವಷ್ಟು ತಾ, ಕೈಚೀಲದಲ್ಲಿ. ಚೀಟೀಲಿ ಬ್ರ್ಯಾಂಡ್ ಹೆಸರು ಸಾಲದು, ಲೆವೊಥೈರಾಕ್ಸಿನ್ ಎಷ್ಟು ಮೈಕ್ರೋಗ್ರಾಂ ಅಂತ ಬರೆಸ್ಕೊ. ಥೈರಾಯ್ಡಿನ ರಕ್ತ ಪರೀಕ್ಷೆಯ, ಅಂದರೆ ಟಿಎಸ್‌ಎಚ್‌ನ, ಹಳೇ ರಿಪೋರ್ಟೂ ಇರಲಿ. ಬಂದ ವಾರವೇ ಮನೆ ಹತ್ತಿರದ ಜಿಪಿ ಸರ್ಜರೀಲಿ, ಅಂದರೆ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್ಕಲ್ಲಿ, ಹೆಸರು ಬರೆಸು. ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿರ್ತೀಯ, ಸಂಕೋಚ ಯಾಕೆ? ಈಗ ಇಂಗ್ಲೆಂಡಲ್ಲಿ ಒಂದು ಔಷಧಿಗೆ 9.90 ಪೌಂಡ್, ಆದರೆ ಥೈರಾಯ್ಡ್ ಕಮ್ಮಿಯಾಗಿ ಹಾರ್ಮೋನ್ ಮಾತ್ರೆ ತಗೊಳ್ಳೋರಿಗೆ ವಿನಾಯಿತಿ ಕಾರ್ಡ್ ಇದೆ. 5 ವರ್ಷ ಡಾಕ್ಟರ್ ಬರೆದುಕೊಟ್ಟ ಯಾವ ಔಷಧಿಗೂ ದುಡ್ಡಿಲ್ಲ. ಜಿಪಿ ಹತ್ರ ಅದರ ಫಾರಂ ಕೇಳಿ ಇಸ್ಕೊ. ಕ್ಯಾಲ್ಸಿಯಂ, ಐರನ್ ಮಾತ್ರೆ ಶುರು ಮಾಡೋ ಮುಂಚೆ ಫಾರ್ಮಸಿಸ್ಟನ್ನ ಕೇಳು, ಥೈರಾಯ್ಡ್ ಮಾತ್ರೆಗೆ ಅಡ್ಡ ಬರ್ತವೆ. ಕೌಂಟರಲ್ಲಿ ಕೇಳಿದರೆ ಫೀಸ್ ಇಲ್ಲ. ರಾತ್ರಿ ಏನಾದರೂ ಅನುಮಾನ ಬಂದರೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡು. ರಿಪೋರ್ಟಿನ ಫೋಟೋ ಮಾತ್ರ ನನಗೆ ಕಳಿಸಬೇಡ.

ಬಂದ ಮೇಲೆ ಒಂದು ಭಾನುವಾರ ಮನೆಗೆ ಬಾ, ಮುದ್ದೆ ಬಸ್ಸಾರು ಮಾಡ್ತೀವಿ. ಬೆಳಿಗ್ಗೆಯೇ ಬಂದರೆ, ಮಾತ್ರೆ ತಗೊಂಡು ಅರ್ಧ ಗಂಟೆ ಆದ ಮೇಲೇ ಕಾಫಿ.