ಲಿನಕ್ಸ್ ಸರ್ವರ್‌ನಲ್ಲಿ ಮೆಮೊರಿ ನಿಜಕ್ಕೂ ಸಾಲುತ್ತಿಲ್ಲವೇ ಎಂದು ತಿಳಿಯುವುದು ಹೇಗೆ?

8 ಜಿಬಿ ಮೆಮೊರಿಯ ಸರ್ವರ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟರೆ ಖಾಲಿ ಇರುವುದು 200 ಎಂಬಿ ಮಾತ್ರ ಎಂದು ತೋರಿಸುತ್ತಿದೆ, ಹೊಸ ರ‍್ಯಾಮ್ ಕೊಳ್ಳಬೇಕೇ ಎಂದು ತಾವು ಕೇಳಿದ್ದೀರಿ. ಕೊಳ್ಳುವ ಮೊದಲು ಅದೇ ಸಾಲಿನ ಕೊನೆಗಿರುವ 'ಅವೇಲಬಲ್' ಅಂಕಿಯನ್ನು ದಯವಿಟ್ಟು ನೋಡಿ.

ಸಾಗರದಲ್ಲಿ ಅಡಿಕೆ ವಹಿವಾಟಿನ ಲೆಕ್ಕವಿರುವ ಸಣ್ಣ ಸರ್ವರೊಂದನ್ನು ನಾನು ನೋಡಿಕೊಳ್ಳುತ್ತೇನೆ. ಮೊದಮೊದಲು ನಾನೂ ಫ್ರೀ ಅಂಕಿಯನ್ನೇ ನಂಬಿ, ಅದು ಇಳಿದಾಗಲೆಲ್ಲ ಸರ್ವರನ್ನು ರೀಸ್ಟಾರ್ಟ್ ಮಾಡುತ್ತಿದ್ದೆ. ಮರುದಿನ ಬೆಳಗ್ಗೆ ವರದಿಗಳು ತೆರೆದುಕೊಳ್ಳುವುದು ಇನ್ನಷ್ಟು ನಿಧಾನವಾಗುತ್ತಿತ್ತು. ಡಿಸ್ಕ್‌ನಿಂದ ಒಮ್ಮೆ ಓದಿದ ಫೈಲ್‌ಗಳನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಮತ್ತೆ ಬೇಗ ಓದಲೆಂದು ಬಿಡುವಿರುವ ಮೆಮೊರಿಯಲ್ಲಿ ಕ್ಯಾಶ್ ಆಗಿ ಇಟ್ಟುಕೊಂಡಿರುತ್ತದೆ, ಅದನ್ನೇ ನಾನು ಪ್ರತಿಸಲ ಅಳಿಸಿಹಾಕುತ್ತಿದ್ದೆ. ಅಂಗಳದ ತುಂಬ ಅಡಿಕೆ ಹರವಿದ್ದರೂ ಕಾರ್ಯದ ದಿನ ಅದನ್ನು ಒಟ್ಟುಮಾಡಿ ಚಪ್ಪರ ಹಾಕುವುದಿಲ್ಲವೇ? ಕ್ಯಾಶ್‌ನ ಜಾಗವೂ ಬಹುಮಟ್ಟಿಗೆ ಹಾಗೆಯೇ, ಪ್ರೋಗ್ರಾಂ ಕೇಳಿದೊಡನೆ ಕರ್ನಲ್ ಬಿಟ್ಟುಕೊಡುತ್ತದೆ.

ಹಾಗೆಂದು ಅದೇ ಸಾಲಿನಲ್ಲಿ ಕ್ಯಾಶ್‌ನ ಲೆಕ್ಕ ತೋರಿಸುವ 'ಬಫ್/ಕ್ಯಾಶ್' ಅಂಕಿಯನ್ನು ಪೂರ್ತಿಯಾಗಿ ಫ್ರೀ ಜೊತೆ ಕೂಡಿಸುವುದೂ ಸರಿಯಲ್ಲ. ಡೇಟಾಬೇಸ್‌ನ ಶೇರ್ಡ್ (ಹಂಚಿಕೊಂಡ) ಮೆಮೊರಿ, ಟೆಂಪ್‌ಎಫ್‌ಎಸ್ ಎಂಬ ಮೆಮೊರಿಯೊಳಗಿನ ಫೈಲ್ ವ್ಯವಸ್ಥೆಯಲ್ಲಿರುವ ಫೈಲ್‌ಗಳು ಅದರಲ್ಲಿಯೇ ಸೇರಿದ್ದು, ಅವನ್ನು ಕರ್ನಲ್ ಎಸೆಯಲಾರದು. ಇವನ್ನೆಲ್ಲ ಕಳೆದು ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್‌ನ ಜಾಗಕ್ಕೆ) ಹೋಗದೆ ಎಷ್ಟು ಮೆಮೊರಿ ದೊರಕೀತು ಎಂಬ ಅಂದಾಜೇ ಅವೇಲಬಲ್; 2014ರಲ್ಲಿ ಬಂದ ಕರ್ನಲ್ 3.14ರಿಂದ ಈ ಅಂಕಿ ನೇರವಾಗಿ ಸಿಗುತ್ತಿದೆ.

ಅವೇಲಬಲ್ ಕೂಡ ತೀರ ಕಡಿಮೆಯಿದ್ದರೆ 'ವಿಎಂಸ್ಟಾಟ್ 1' ಓಡಿಸಿ, 'ಎಸ್‌ಐ' ಮತ್ತು 'ಎಸ್‌ಒ' ಕಾಲಂಗಳನ್ನು (ಸ್ವಾಪ್‌ನಿಂದ ಒಳಬಂದದ್ದು, ಸ್ವಾಪ್‌ಗೆ ಹೊರಹೋದದ್ದು) ಒಂದೆರಡು ನಿಮಿಷ ಗಮನಿಸಿ. ಮೊದಲ ಸಾಲು ಸರ್ವರ್ ಶುರುವಾದಂದಿನಿಂದಿನ ಸರಾಸರಿಯಾದ್ದರಿಂದ ಅದನ್ನು ಬಿಡಿ. ಸ್ವಾಪ್‌ನಲ್ಲಿ ಸ್ವಲ್ಪ ಡೇಟಾ ಸುಮ್ಮನೆ ಕುಳಿತಿದ್ದರೆ ಚಿಂತೆಯಿಲ್ಲ. ಈ ಎರಡು ಕಾಲಂಗಳಲ್ಲಿ ಸೊನ್ನೆಯಲ್ಲದ ಅಂಕಿಗಳು ಒಂದೇ ಸಮನೆ ಬರುತ್ತಿದ್ದರೆ ಮಾತ್ರ ಕೊರತೆ ನಿಜ. ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಮೆಸೇಜ್' (dmesg) ಕಮಾಂಡ್‌ನಲ್ಲಿ 'ಔಟ್ ಆಫ್ ಮೆಮೊರಿ' ಎಂಬ ಸಾಲು ಕಂಡರೆ ಕರ್ನಲ್ ಆಗಲೇ ಯಾವುದೋ ಪ್ರೋಗ್ರಾಮನ್ನು ಕೊಂದಿದೆ ಎಂದರ್ಥ.

ಯಾವ ಪ್ರೋಗ್ರಾಂ ಹೆಚ್ಚು ತಿನ್ನುತ್ತಿದೆ ಎಂದು ತಿಳಿಯಲು 'ಟಾಪ್' ಕಮಾಂಡ್ ತೆರೆದು ದೊಡ್ಡಕ್ಷರದ ಎಂ ಒತ್ತಿ, ಪ್ರತಿ ಪ್ರೋಗ್ರಾಂ ರ‍್ಯಾಮ್‌ನಲ್ಲಿ ಹಿಡಿದಿರುವ ಜಾಗವನ್ನು ತೋರಿಸುವ 'ರೆಸ್' ಕಾಲಂ ನೋಡಿ. ಹಲವು ಪ್ರೋಗ್ರಾಂಗಳು ಹಂಚಿಕೊಂಡ ಮೆಮೊರಿ ಪ್ರತಿಯೊಂದರ ಲೆಕ್ಕಕ್ಕೂ ಸೇರುವುದರಿಂದ ಆ ಅಂಕಿಗಳನ್ನು ಕೂಡಿಸಬೇಡಿ.

ಈ ಪರೀಕ್ಷೆಯನ್ನು ರಾತ್ರಿಯ ಬಿಡುವಿನಲ್ಲಿ ಮಾಡಿದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಟೆಂಡರ್ ಮುಗಿದು ಬಿಲ್‌ಗಳು ಹೊರಡುವ ಹೊತ್ತಿನಂತೆ, ತಮ್ಮ ಸರ್ವರ್‌ಗೆ ಅತಿ ಹೆಚ್ಚು ಕೆಲಸ ಬೀಳುವ ಗಳಿಗೆಯಲ್ಲಿ ಅಂಕಿಗಳನ್ನು ಬರೆದುಕೊಂಡು ಇಲ್ಲಿಯೇ ತಿಳಿಸಿ, ರ‍್ಯಾಮ್ ಬೇಕೇ ಎಂಬುದನ್ನು ಆಮೇಲೆ ನೋಡೋಣ.