ಮೊದಲ ಡೈವ್ ಕಂಪ್ಯೂಟರ್‌ಗೆ ಜಾಸ್ತಿ ದುಡ್ಡು ಬೇಡ

ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿದಿದೆ, ಮಂಡ್ಯದಿಂದ ಆಗಾಗ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವ್ ಮಾಡಲು ಹೋಗುತ್ತೀರಿ, ಕಡಿಮೆ ಬೆಲೆಯ ಡೈವ್ ಕಂಪ್ಯೂಟರ್ (ನೀರಿನಡಿ ಆಳ, ಸಮಯ, ಮೈಯಲ್ಲಿ ಸೇರುವ ನೈಟ್ರೋಜನ್ ಲೆಕ್ಕ ಇಡುವ ಸಾಧನ) ಸಾಕಾ ಅಂತ ಕೇಳಿದ್ದೀರಿ. ಖಂಡಿತ ಸಾಕು. ಕ್ರೆಸ್ಸಿ ಲಿಯೊನಾರ್ಡೊ ಅಥವಾ ಮಾರೆಸ್ ಪಕ್ ಪ್ರೊ ನೋಡಿ. ಒಂದೇ ಬಟನ್, ದೊಡ್ಡ ಅಂಕಿಗಳು, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಲೆಕ್ಕ ಕೂಡ ಇದೆ. ಟ್ಯಾಂಕಿನ ಒತ್ತಡ ತೋರಿಸುವ ಟ್ರಾನ್ಸ್‌ಮಿಟರ್ ಈಗ ಬೇಡ, ಗೇಜ್ ಇದ್ದೇ ಇರುತ್ತದೆ.

ಬ್ಯಾಟರಿ ನಾವೇ ಬದಲಿಸುವಂತಿರಬೇಕು, ಇದು ಮುಖ್ಯ. ಇವೆರಡರಲ್ಲೂ ಅದು ಆಗುತ್ತದೆ. ಲಿಯೊನಾರ್ಡೊಗೆ ಸಿಆರ್2430 ಸೆಲ್. ಬದಲಿಸುವಾಗ ಓ-ರಿಂಗ್ (ಮುಚ್ಚಳದ ನೀರು ತಡೆಯುವ ರಬ್ಬರ್ ಬಳೆ) ಮೇಲೆ ಒಂದು ಕೂದಲೋ ಮರಳಿನ ಕಣವೋ ಕೂತರೂ ನೀರು ನುಗ್ಗುತ್ತದೆ. ಬೆಳಕಿಗೆ ಹಿಡಿದು ನೋಡಿ ಮುಚ್ಚಿ.

ಇನ್ನೊಂದು ವಿಷಯ, ನಮ್ಮ ಕಡೆಯವರು ಇದನ್ನು ಯೋಚಿಸುವುದೇ ಇಲ್ಲ. ಡೈವ್ ಆದಮೇಲೆ ಕಂಪ್ಯೂಟರ್ ನೋ-ಫ್ಲೈ ಸಮಯ, ಅಂದರೆ ವಿಮಾನ ಹತ್ತುವ ಮೊದಲು ಕಾಯಬೇಕಾದ ಸಮಯ, ತೋರಿಸುತ್ತದೆ; ವಿಮಾನ ಹತ್ತಲ್ಲ ಅಂತ ಅದನ್ನು ಸುಮ್ನೆ ಬಿಡಬೇಡಿ. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಮುರುಡೇಶ್ವರ ಸಮುದ್ರದ ಮಟ್ಟದಲ್ಲಿದೆ. ಊರಿಗೆ ಬರಲು ಘಟ್ಟ ಹತ್ತಲೇಬೇಕು, ಅಲ್ವಾ? ಮಡಿಕೇರಿ ಮೇಲೆ ಬಂದರೆ 1,100 ಮೀಟರ್ ದಾಟುತ್ತೀರಿ. ಮೈಸೂರೇ ಸುಮಾರು 760 ಮೀಟರ್ ಎತ್ತರದಲ್ಲಿದೆ. ಒಂದೇ ದಿನ ಎರಡು ಡೈವ್ ಮಾಡಿದರೆ ವಿಮಾನಕ್ಕೆ ಹೇಳುವ 18 ಗಂಟೆಯ ನಿಯಮವನ್ನೇ ಘಟ್ಟಕ್ಕೂ ಪಾಲಿಸಿ. ದಯವಿಟ್ಟು ಅವತ್ತೇ ರಾತ್ರಿ ಬಸ್ ಹತ್ತಬೇಡಿ.

ಜೊತೆಗಾರರ ಕಂಪ್ಯೂಟರ್ ನಂಬಿಕೊಂಡೂ ಇಳಿಯಬೇಡಿ. ಅವರು 12 ಮೀಟರ್‌ನಲ್ಲಿ, ನೀವು 16ರಲ್ಲಿ ಇದ್ದರೆ ನಿಮ್ಮ ನೈಟ್ರೋಜನ್ ಲೆಕ್ಕವೇ ಬೇರೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬ್ಯಾಟರಿ ಮುಚ್ಚಳ ತೆಗೆಸಿ ನೋಡಿ. ಒಳಗೆ ಹಸಿರು ಕಿಲುಬು ಕಂಡರೆ ಎಷ್ಟೇ ಅಗ್ಗವಾದರೂ ಬೇಡ.